ಕೋಳಿಗಿಂತ ಮೊದಲು ಗೂಡು

(ಹೊಸದಾಗಿ ಕೋಳಿ ಸಾಕುವವರಿಗೆ ಗೂಡು ಮತ್ತು ಸಲಕರಣೆಗಳ ವಿಷಯದಲ್ಲಿ ಕೆಲವು ಸೂಚನೆಗಳು)

ವ್ಯವಸಾಯದ ಜೊತೆಯಲ್ಲಿ ನಡೆಸಬಹುದಾದ ಉಪಕಸುಬುಗಳಲ್ಲಿ ಕೋಳಿ ಸಾಕುವುದು ಬಹು ಕಡಿಮೆ ಬಂಡವಾಳದಿಂದ ಪ್ರಾರಂಭಿಸಬಹುದಾದ ಕಸುಬು. ಹತ್ತು ಹನ್ನೆರಡು ಕೋಳಿಗಳನ್ನು ಇಟ್ಟುಕೊಳ್ಳುವುದಕ್ಕೆ ಹೊಲ ಗದ್ದೆಗಳು ಬೇಕಾಗಿಲ್ಲ. ಹಿತ್ತಲಿನ ಒಂದು ಮೂಲೆ ಸಾಕು. ಇದರ ವರಮಾನವು ಸಾಧಾರಣವಾಗಿ ಮನೆಯ ಹೆಂಗಸರ ಕೈಗೇ ಸೇರತಕ್ಕದ್ದು. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ, ಸಂತೆಗೆ ಹೋಗಿಬರುವ ಖರ್ಚು ಮೊದಲಾದುವಕ್ಕೆ ಅವರು ಮತ್ತೊಬ್ಬರನ್ನು ಕೇಳಬೇಕಾಗದಂತೆ ಮಾಡುವ ಹಣವಿದು. ಆದ್ದರಿಂದ ಈ ಕಸುಬಿನಲ್ಲಿ ನಷ್ಟವುಂಟಾದರೆ ಆ ನಷ್ಟವು ಮೊಟ್ಟಮೊದಲು ಅವರಿಗೇ ತಟ್ಟುವುದೆಂಬುದನ್ನು ಮನಸ್ಸಿನಲ್ಲಿಡಬೇಕು.

ನಮ್ಮ ಗ್ರಾಮಗಳಲ್ಲಿ “ನಮಗೆ ಕೋಳಿ ಆಗಿಬರುವುದಿಲ್ಲ” ಎಂಬ ಮಾತನ್ನು ಆಗಾಗ್ಗೆ ಕೇಳುತ್ತೇವೆ. ಹೀಗೆ ಹೇಳುವವರನ್ನು ಸ್ವಲ್ಪ ವಿಚಾರಿಸಿದರೆ, ಹಿಂದೆ ಒಂದು ಸಾರಿ ಕೋಳಿಗಳನ್ನು ತಂದದ್ದೂ, ಅವು ಮೊದಲನೆಯ ಮಳೆಗಾಲದಲ್ಲಿಯೇ ಜಡ್ಡು ಹಿಡಿದು ಸತ್ತದ್ದೂ ಅಥವಾ ಒಂದೇ ರಾತ್ರಿಯಲ್ಲಿ ಕಾಡುಬೆಕ್ಕಿನ ಪಾಲಾದದ್ದೂ ತಿಳಿದುಬರುವುದು. ಇದರಲ್ಲಿ ಅದೃಷ್ಟದ ಮಾತೇನೂ ಇಲ್ಲ. ನೆಲದಲ್ಲಿ ತೇವ, ಒಳಗೆ ಕೆಟ್ಟ ಗಾಳಿ, ಬಾಗಿಲಿನ ಕೆಳಗೆ ಎರಡು ಬೆರಳು ಸಂದು, ಮರದ ಬಿರುಕಿನಲ್ಲಿ ಉಣ್ಣೆ ಈ ನಾಲ್ಕರಲ್ಲಿ ಒಂದು ಅಲ್ಲಿ ಇದ್ದೇ ಇರುವುದು. ನಾಲ್ಕೂ ಗೂಡಿನ ದೋಷಗಳೇ ಹೊರತು ಕೋಳಿಯ ದೋಷಗಳಲ್ಲ, ಸಾಕಿದವರ ಹಣೆಬರಹವೂ ಅಲ್ಲ.

ಈ ನಷ್ಟವು ಎಷ್ಟೆಂಬುದನ್ನು ಲೆಕ್ಕಮಾಡಿ ನೋಡಬಹುದು. ಹೇಂಟೆಯು ಮೊಟ್ಟೆಗೆ ಬರುವುದಕ್ಕೆ ಜಾತಿಯನ್ನನುಸರಿಸಿ ಐದರಿಂದ ಏಳು ತಿಂಗಳು ಹಿಡಿಯುವುದು. ಪೂರ್ತಿಯಾಗಿ ಕೈಮೇವನ್ನೇ ಕೊಟ್ಟು ಬೆಳೆಸಿದಲ್ಲಿ, ದಿನಕ್ಕೆ ಸರಾಸರಿ ೬೦ ಗ್ರಾಂ ಎಂದಿಟ್ಟುಕೊಂಡರೂ ಹತ್ತು ಕೋಳಿಗಳಿಗೆ ಆರು ತಿಂಗಳಲ್ಲಿ ಸುಮಾರು ೧೦೮ ಕಿಲೋಗ್ರಾಂ ಆಹಾರ ಬೇಕಾಗುವುದು. ಮೊಟ್ಟೆಯಿಡುವುದಕ್ಕೆ ಒಂದು ವಾರವಿದೆ ಎನ್ನುವಾಗ ಗೂಡಿನ ದೋಷದಿಂದ ಕೋಳಿಗಳು ಹೋದರೆ ಈ ಆಹಾರವೂ ಆರು ತಿಂಗಳ ಶ್ರಮವೂ ಮಣ್ಣುಪಾಲಾದಂತೆಯೇ ಸರಿ. ಆದ್ದರಿಂದ ಹೊಸಬರು ಕೈಯಲ್ಲಿರುವ ಹಣದಲ್ಲಿ ಮೊದಲು ಗೂಡನ್ನು ಕಟ್ಟಿ, ಅದನ್ನು ಪರೀಕ್ಷಿಸಿ, ಉಳಿದ ಹಣದಿಂದ ಕೋಳಿಗಳನ್ನು ಕೊಳ್ಳತಕ್ಕದ್ದು. ಇಪ್ಪತ್ತು ಕೋಳಿಗಳನ್ನು ಮೊದಲು ತಂದು, ಆಮೇಲೆ ಅವುಗಳಿಗೆ ಎಡೆ ಹುಡುಕುವುದು ಸರ್ವಥಾ ಕೂಡದು.

೧. ಎಷ್ಟು ಕೋಳಿಗಳು, ಯಾವ ಜಾತಿ

ಪ್ರಾರಂಭದಲ್ಲಿ ಹತ್ತು ಹೇಂಟೆಗಳೂ ಒಂದು ಹುಂಜವೂ ಇದ್ದರೆ ಸಾಕು. ತಿನ್ನುವ ಮೊಟ್ಟೆಗಳು ಮಾತ್ರವೇ ಬೇಕಾದವರಿಗೆ ಹುಂಜದ ಅಗತ್ಯವೇ ಇಲ್ಲ; ಹುಂಜವಿಲ್ಲದೆಯೂ ಹೇಂಟೆಗಳು ಮೊಟ್ಟೆಯಿಡುವುವು, ಆದರೆ ಅವುಗಳಿಂದ ಮರಿಗಳಾಗುವುದಿಲ್ಲ.

ನಾಟಿ ಕೋಳಿಯು ವರ್ಷಕ್ಕೆ ಅರವತ್ತು ಮೊಟ್ಟೆಗಳನ್ನು ದಾಟುವುದು ಅಪರೂಪ. ಆದರೆ ಅದು ಚುರುಕಾದುದು, ಶತ್ರುವನ್ನು ಕಂಡರೆ ಹಾರಿ ತಪ್ಪಿಸಿಕೊಳ್ಳಬಲ್ಲದು, ಕಾವಿಗೆ ಕೂತು ಮರಿಗಳನ್ನು ಸಲಹಬಲ್ಲದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿ ೧೯೮೯ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ತಳಿಯು ಹಿತ್ತಲಿನಲ್ಲಿ ಮೇಯುತ್ತ ವರ್ಷಕ್ಕೆ ಸುಮಾರು ೧೩೦ರಿಂದ ೧೫೦ ಮೊಟ್ಟೆಗಳನ್ನು ಕೊಡುವುದು. ಆದರೆ ಅದರ ದೇಹ ಭಾರವಾದುದು, ಎತ್ತರಕ್ಕೆ ಹಾರಲಾರದು, ಕಾವಿಗೆ ಕೂರುವ ಗುಣವೂ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸ್ವರ್ಣಧಾರ, ವನರಾಜ ಮೊದಲಾದ ಸುಧಾರಿಸಿದ ತಳಿಗಳಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುವುದು.

ಜಾತಿಯ ಈ ವ್ಯತ್ಯಾಸವನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ನಾಟಿ ಕೋಳಿಯು ಮಾವಿನ ಮರದ ಕೊಂಬೆಯ ಮೇಲೆ ರಾತ್ರಿಯನ್ನು ಕಳೆದು ಬದುಕಿತೆಂದು, ಅದೇ ರೀತಿಯಲ್ಲಿ ಸುಧಾರಿಸಿದ ತಳಿಯನ್ನೂ ಬಿಟ್ಟರೆ ಅದು ಬದುಕಲಾರದು. ಹೆಚ್ಚು ಮೊಟ್ಟೆಗಳನ್ನು ಕೊಡುವ ಕೋಳಿಯು ಹೆಚ್ಚು ಭದ್ರವಾದ ಮನೆಯನ್ನು ಬೇಡುವುದು. ಇದನ್ನು ಒಪ್ಪದವರು ನಾಟಿ ಕೋಳಿಗಳನ್ನೇ ಸಾಕುವುದು ಲೇಸು.

೨. ಸ್ಥಳ

ಗೂಡಿನ ಸ್ಥಳವು ಸುತ್ತಲಿನ ನೆಲಕ್ಕಿಂತ ಎತ್ತರವಾಗಿರಬೇಕು. ಮಳೆ ನಿಂತು ಒಂದು ಗಂಟೆಯಾದ ಮೇಲೂ ನೀರು ನಿಂತಿರುವ ಜಾಗವು ಗೂಡಿಗೆ ಯೋಗ್ಯವಲ್ಲ. ಮನೆಗೆ ಸಮೀಪವಾಗಿದ್ದರೆ ರಾತ್ರಿಯಲ್ಲಿ ಕೋಳಿಗಳ ಕೂಗು ಕೇಳಿಸುವುದು. ಆದರೆ ಮಲಗುವ ಕೋಣೆಯ ಗೋಡೆಗೂ ಕುಡಿಯುವ ನೀರಿನ ಬಾವಿಗೂ ಅಂಟಿಕೊಂಡಿರಬಾರದು. ನಡುಹಗಲಿನ ಬಿಸಿಲಿನಲ್ಲಿ ನೆರಳು ಕೊಡುವ ಹೊಂಗೆ, ನುಗ್ಗೆ, ಹಲಸು ಮೊದಲಾದ ಮರವು ಹತ್ತಿರದಲ್ಲಿದ್ದರೆ ಬಹಳ ಉತ್ತಮ. ಕೊಂಬೆಗಳು ಮಾತ್ರ ಚಾವಣಿಗೆ ತಗುಲಕೂಡದು. ಇಲಿ, ಹಾವು, ಬೆಕ್ಕುಗಳಿಗೆ ಅದೇ ಸೇತುವೆಯಾಗುವುದು.

ಗೂಡಿನ ಉದ್ದವು ಪೂರ್ವ ಪಶ್ಚಿಮವಾಗಿಯೂ, ತೆರೆದ ಮಗ್ಗುಲುಗಳು ಉತ್ತರ ದಕ್ಷಿಣಗಳಿಗೂ ಇರತಕ್ಕದ್ದು. ಹಾಗಿದ್ದಲ್ಲಿ ಬೆಳಿಗ್ಗೆ ಸಾಯಂಕಾಲಗಳ ಓರೆ ಬಿಸಿಲು ಕಿರಿದಾದ ಗೋಡೆಗಳಿಗೆ ಮಾತ್ರ ತಾಗುವುದು; ಗಾಳಿಯು ಮಾತ್ರ ಅಡ್ಡಲಾಗಿ ಸರಾಗವಾಗಿ ಹಾದುಹೋಗುವುದು.

೩. ಅಳತೆ

ಹಗಲೆಲ್ಲ ಹೊರಗೆ ಮೇಯುವ ಕೋಳಿಗಳಿಗೆ ರಾತ್ರಿ ತಂಗುವುದಕ್ಕೆ ತಲಾ ೨ ಚದರ ಅಡಿ ನೆಲವಿರಬೇಕು. ಹಗಲಿನಲ್ಲಿಯೂ ಒಳಗೇ ಕೂಡಿಹಾಕಬೇಕಾದ ಸಂದರ್ಭವಿದ್ದರೆ ತಲಾ ೪ ಚದರ ಅಡಿ ಇರುವುದು ಒಳ್ಳೆಯದು. ಹನ್ನೊಂದು ಕೋಳಿಗಳಿಗೆ ೬ ಅಡಿ ಉದ್ದ, ೪ ಅಡಿ ಅಗಲದ, ಅಂದರೆ ೨೪ ಚದರ ಅಡಿಯ ಗೂಡು ಸರಿಹೋಗುವುದು.

ಈಗ ಅಂಗಡಿಗಳಲ್ಲಿ ಬಣ್ಣ ಬಳಿದ ಸಿದ್ಧಗೂಡುಗಳು ದೊರೆಯುತ್ತವೆ. “ಇಪ್ಪತ್ತು ಕೋಳಿಗಳಿಗೆ” ಎಂಬ ಚೀಟಿಯನ್ನು ನಂಬದೆ, ಅಳತೆಪಟ್ಟಿಯಿಂದ ನೆಲವನ್ನು ಅಳೆದು, ಬಂದ ಚದರ ಅಡಿಯನ್ನು ಎರಡರಿಂದ ಭಾಗಿಸಿ ನೋಡಬೇಕು. ಮೊಟ್ಟೆಯ ಪೆಟ್ಟಿಗೆಯ ಜಾಗವನ್ನು ಈ ಲೆಕ್ಕಕ್ಕೆ ಸೇರಿಸಕೂಡದು.

ಎತ್ತರದ ವಿಷಯದಲ್ಲಿ ಕೋಳಿಗಿಂತಲೂ ಗೂಡನ್ನು ಗುಡಿಸುವವರನ್ನು ನೆನೆಯಬೇಕು. ನಡುವೆ ೬ ಅಡಿ ಎತ್ತರವಿದ್ದರೆ ಒಳಗೆ ನಿಂತು ಕೆಲಸಮಾಡಬಹುದು. ಅಷ್ಟು ಎತ್ತರಕ್ಕೆ ಕಟ್ಟಲಾಗದಿದ್ದರೆ, ಒಂದು ಮಗ್ಗುಲನ್ನೇ ಪೂರ್ತಿಯಾಗಿ ತೆರೆಯುವಂತೆ ಬಾಗಿಲು ಮಾಡಿ, ಹೊರಗಿನಿಂದಲೇ ಪೊರಕೆಯು ಎಲ್ಲ ಮೂಲೆಗಳನ್ನೂ ಮುಟ್ಟುವಂತಿರಬೇಕು. ಗುಡಿಸುವುದಕ್ಕೆ ಕಷ್ಟವಾದ ಗೂಡನ್ನು ಯಾರೂ ಗುಡಿಸುವುದಿಲ್ಲ. ಇದು ಅನುಭವದ ಮಾತು.

೪. ನೆಲ ಮತ್ತು ಹಾಸು

ಬಯಲುಸೀಮೆಯಲ್ಲಿ ನೆಲವನ್ನು ಸುತ್ತಣ ಭೂಮಿಗಿಂತ ಒಂದು ಅಡಿ ಎತ್ತರಿಸಿ, ಗಟ್ಟಿಯಾಗಿ ಧಮ್ಮಸ್ಸು ಮಾಡಿ, ಚಪ್ಪಡಿ ಕಲ್ಲುಗಳನ್ನು ಹಾಸಿ ಸಂದುಗಳನ್ನು ಗಾರೆಯಿಂದ ತುಂಬಬಹುದು. ಕಲಬುರಗಿಯ ಕಡೆಯಲ್ಲಿ ಶಹಾಬಾದಿನ ಕಲ್ಲು ಇದಕ್ಕೆ ಬಹಳ ಅನುಕೂಲ. ಬರಿಯ ಮಣ್ಣಿನ ನೆಲವು ಅಗ್ಗವಾದರೂ ಹೆಗ್ಗಣವು ಅದನ್ನು ತೋಡಿ ಒಳಗೆ ಬರುವುದು.

ಕರಾವಳಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಲ್ಲಿಯೂ ಮಲೆನಾಡಿನಲ್ಲಿಯೂ ಗೂಡನ್ನು ಕಂಬಗಳ ಮೇಲೆ ೨ ಅಡಿಯಿಂದ ೩ ಅಡಿ ಎತ್ತರದಲ್ಲಿ ನಿಲ್ಲಿಸಿ, ಅಡಕೆ ದಬ್ಬೆ ಅಥವಾ ಬಿದಿರಿನ ದಬ್ಬೆಗಳನ್ನು ಮುಕ್ಕಾಲು ಅಂಗುಲದ ಅಂತರದಲ್ಲಿ ಬಡಿದು ನೆಲ ಮಾಡುವುದು ಯುಕ್ತ. ಹಿಕ್ಕೆಯು ಸಂದಿನಿಂದ ಕೆಳಕ್ಕೆ ಬೀಳುವುದು, ನೆಲ ಒಣಗಿರುವುದು. ದಬ್ಬೆಗಳ ಕೆಳಗೆ ಗಟ್ಟಿ ತಂತಿಬಲೆಯನ್ನು ಹೊಡೆಯದಿದ್ದರೆ ಮಾತ್ರ ಶತ್ರುವು ಕೆಳಗಿನಿಂದ ಕೋಳಿಯ ಕಾಲನ್ನು ಹಿಡಿಯಬಹುದು. ಹಿಕ್ಕೆಯ ತುಣುಕು ಬೀಳುವಂತೆ ಈ ಬಲೆಯ ಕಣ್ಣು ಒಂದು ಅಂಗುಲವಿರಬಹುದು. ಆದರೆ ಬಲೆಯ ಮೇಲೆ ನಿಂತ ಹಿಕ್ಕೆಯನ್ನು ವಾರಕ್ಕೊಮ್ಮೆ ಕೋಲಿನಿಂದ ತಟ್ಟಿ ಬೀಳಿಸಬೇಕು. ಕೆಳಗೆ ಬಿದ್ದುದನ್ನೂ ಆಗಲೇ ತೆಗೆಯತಕ್ಕದ್ದು.

ಕಲ್ಲಿನ ನೆಲದ ಮೇಲೆ ಬತ್ತದ ಹೊಟ್ಟು ಅಥವಾ ಒಡೆದ ಕಡಲೆಕಾಯಿ ಸಿಪ್ಪೆಯನ್ನು ೪ ಅಂಗುಲ ದಪ್ಪವಾಗಿ ಹಾಸಬೇಕು. ಇದು ಹಿಕ್ಕೆಯ ತೇವವನ್ನು ಹೀರಿಕೊಳ್ಳುವುದು. ವಾರಕ್ಕೆರಡು ಸಾರಿ ಕೆದಕಿ ತಿರುವಿಹಾಕಬೇಕು. ಹಾಸು ಹದವಾಗಿದೆಯೇ ಇಲ್ಲವೇ ಎಂಬುದನ್ನು ಕೈಯಿಂದಲೇ ತಿಳಿಯಬಹುದು: ಒಂದು ಹಿಡಿಯನ್ನು ಹಿಂಡಿ ಬಿಟ್ಟರೆ ಅದು ಉದುರಿಹೋಗಬೇಕು. ಉಂಡೆಯಾಗಿಯೇ ನಿಂತರೆ ತೇವ ಹೆಚ್ಚಾಗಿದೆಯೆಂದು ತಿಳಿದು, ಆ ಭಾಗವನ್ನು ತೆಗೆದು ಒಣಗಿದ ಹಾಸನ್ನು ಹಾಕತಕ್ಕದ್ದು. ತೇವವುಳ್ಳ ಹಾಸಿನಲ್ಲಿ ರಕ್ತಭೇದಿಯ ಕ್ರಿಮಿಗಳು ಬಲಿಯುವುವು. ಮರಿಗಳು ಸಾಯುವುದಕ್ಕೆ ಇದು ಮುಖ್ಯವಾದ ಕಾರಣಗಳಲ್ಲೊಂದು.

ತೆಗೆದ ಹಾಸು ವ್ಯರ್ಥವಲ್ಲ. ಅದರಲ್ಲಿ ಸಾರಜನಕವು ಹೇರಳವಾಗಿರುವುದರಿಂದ ತಿಪ್ಪೆಯಲ್ಲಿ ಕೊಳೆಯಿಸಿ ತರಕಾರಿ ಮಡಿಗಳಿಗೆ ಹಾಕಬಹುದು. ಹಸಿಯಾಗಿಯೇ ಹಾಕಿದರೆ ಎಳೆಯ ಗಿಡಗಳು ಸುಟ್ಟುಹೋಗುವುವು.

೫. ಗಾಳಿ ಮತ್ತು ಚಾವಣಿ

ಕೋಳಿಯ ದೇಹದ ಶಾಖವು ಸುಮಾರು ೧೦೬ ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದರಿಂದಲೇ ಅದು ತನ್ನ ಶಾಖವನ್ನು ಕಳೆದುಕೊಳ್ಳಬೇಕು. ಆ ಉಸಿರಿನ ತೇವವೂ ಹಿಕ್ಕೆಯಿಂದೇಳುವ ಅಮೋನಿಯಾ ಅನಿಲವೂ ಹೊರಕ್ಕೆ ಹೋಗದಿದ್ದರೆ ಕಣ್ಣು ಉರಿ, ನೆಗಡಿ, ಗೊರಕೆ ಮೊದಲಾದ ವ್ಯಾಧಿಗಳುಂಟಾಗುವುವು. ಚಳಿಯಾಗುವುದೆಂಬ ಭಯದಿಂದ ಗೂಡಿನ ಎಲ್ಲ ಕಂಡಿಗಳನ್ನೂ ಗೋಣಿಯಿಂದ ಮುಚ್ಚುವುದು ಬಹು ಜನರ ವಾಡಿಕೆ. ಗರಿಗಳಿಂದ ಮುಚ್ಚಿದ ದೊಡ್ಡ ಕೋಳಿಗೆ ನಮ್ಮ ನಾಡಿನ ಚಳಿಯು ಕೆಟ್ಟ ಗಾಳಿಯಷ್ಟು ಅಪಾಯಕರವಲ್ಲ.

ಉತ್ತರ ದಕ್ಷಿಣದ ಮಗ್ಗುಲುಗಳಲ್ಲಿ ಕೆಳಗಿನ ಒಂದೂವರೆ ಅಡಿಯನ್ನು ಗೋಡೆ ಅಥವಾ ಹಲಗೆಯಿಂದ ಮುಚ್ಚಿ, ಮೇಲಿನ ಭಾಗಕ್ಕೆ ತಂತಿಬಲೆಯನ್ನು ಹಾಕಬೇಕು. ಕೂತ ಕೋಳಿಯ ಮೈಮೇಲೆ ಗಾಳಿ ನೇರವಾಗಿ ಬೀಸದೆ, ಅದರ ತಲೆಯ ಮೇಲೆ ಹಾದುಹೋಗುವುದೇ ಸರಿಯಾದ ಏರ್ಪಾಡು. ಮಳೆಯ ಗಾಳಿಯು ನೈರುತ್ಯದಿಂದ ಬೀಸುವುದರಿಂದ ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚಿ, ದಕ್ಷಿಣದ ಮಗ್ಗುಲಿಗೆ ಸುರುಳಿ ಸುತ್ತಿ ಮೇಲೆತ್ತಬಹುದಾದ ಗೋಣಿಯ ಪರದೆಯನ್ನು ಕಟ್ಟಿ, ಇರಚಲು ಹೊಡೆಯುವಾಗ ಮಾತ್ರ ಇಳಿಯಬಿಡಬೇಕು.

ಚಾವಣಿಗೆ ಹೆಂಚು ಎಲ್ಲಕ್ಕಿಂತ ಉತ್ತಮ. ಹುಲ್ಲು ಮತ್ತು ಸೋಗೆಗಳು ತಂಪಾಗಿದ್ದರೂ ಇಲಿಗಳಿಗೂ ಹುಳುಗಳಿಗೂ ಆಶ್ರಯವಾಗುವುವು. ತಗಡು ಬಹು ದಿನ ಬಾಳುವುದು. ಆದರೆ ಬೇಸಗೆಯಲ್ಲಿ ಕೆಂಡದಂತೆ ಕಾಯುವುದು. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್ ಮೇ ತಿಂಗಳುಗಳ ಶಾಖವು ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು; ಅಲ್ಲಿ ತಗಡಿನ ಕೆಳಗೆ ಕೂಡಿಹಾಕಿದ ಕೋಳಿಗಳು ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ತಗಡನ್ನೇ ಹಾಕಬೇಕಾದವರು ಮೇಲೆ ಸುಣ್ಣ ಬಳಿದು, ಬೇಸಗೆಯಲ್ಲಿ ಅದರ ಮೇಲೆ ತೆಂಗಿನ ಗರಿಗಳನ್ನು ಹೊದಿಸತಕ್ಕದ್ದು. ಯಾವ ಚಾವಣಿಯಾದರೂ ಗೋಡೆಯಿಂದ ೨ರಿಂದ ೩ ಅಡಿ ಹೊರಕ್ಕೆ ಚಾಚಿರಬೇಕು.

೬. ಶತ್ರುಗಳು, ತಂತಿಬಲೆ ಮತ್ತು ಬಾಗಿಲು

ಹೆಗ್ಗಣ, ಮುಂಗುಸಿ, ಕಾಡುಬೆಕ್ಕು, ಪುನುಗುಬೆಕ್ಕು, ನರಿ, ಬೀದಿನಾಯಿ, ಹಾವು ಇವು ಕೋಳಿಯ ಮುಖ್ಯ ಶತ್ರುಗಳು. ಇವುಗಳಲ್ಲಿ ಬಹುಪಾಲು ರಾತ್ರಿಯಲ್ಲಿಯೇ ಬರುವುವು.

ಆರು ಮೂಲೆಯ ಕಣ್ಣುಗಳುಳ್ಳ ತೆಳು ತಂತಿಯ ಬಲೆಯನ್ನು ಅಂಗಡಿಯವರು “ಕೋಳಿ ಬಲೆ” ಎಂದೇ ಮಾರುವರು. ಅದು ಕೋಳಿಯನ್ನು ಒಳಗೆ ಹಿಡಿದಿಡುವುದಕ್ಕೆ ಸಾಕು, ಶತ್ರುವನ್ನು ಹೊರಗೆ ತಡೆಯುವುದಕ್ಕೆ ಸಾಲದು. ನಾಯಿಯು ಅದನ್ನು ಹರಿಯಬಲ್ಲದು. ಇಲಿಯೂ ಹಾವೂ ಅದರ ಕಣ್ಣಿನಲ್ಲಿಯೇ ನುಸುಳುವುವು. ಗೂಡಿನ ಕಂಡಿಗಳಿಗೆಲ್ಲ ಬೆಸುಗೆ ಹಾಕಿದ, ಅರ್ಧ ಅಂಗುಲದ ಕಣ್ಣಿನ ಗಟ್ಟಿ ಬಲೆಯನ್ನೇ ಉಪಯೋಗಿಸಬೇಕು. ಇದರ ಬೆಲೆ ಹೆಚ್ಚು. ಹಣ ಸಾಲದಿದ್ದರೆ ಬೇರೆ ಸಾಮಾನುಗಳನ್ನು ಬಿಡಬೇಕೇ ಹೊರತು ಇದನ್ನು ಬಿಡಕೂಡದು. ಹಗಲಿನಲ್ಲಿ ಮಾತ್ರ ಕೋಳಿಗಳಿರುವ ಅಂಗಳದ ಬೇಲಿಗೆ ಅಗ್ಗದ ಬಲೆ ಸಾಕು.

ನೆಲದ ಮೇಲಿರುವ ಗೂಡಿನ ಸುತ್ತಲೂ ಒಂದು ಅಡಿ ಅಗಲದ ತಂತಿಬಲೆಯನ್ನು ಗೋಡೆಯ ಬುಡದಿಂದ ಹೊರಕ್ಕೆ ನೆಲದ ಮೇಲೆ ಹರಡಿ, ಮಣ್ಣು ಮತ್ತು ಕಲ್ಲಿನಿಂದ ಮುಚ್ಚಬೇಕು. ತೋಡುವ ಪ್ರಾಣಿಯು ಗೋಡೆಯ ಬುಡದಲ್ಲಿಯೇ ತೋಡಲಾರಂಭಿಸುವುದು. ಬಲೆ ಅಡ್ಡಬಂದರೆ ಹಿಂದಕ್ಕೆ ಸರಿದು ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ಬಾಗಿಲಿಗೆ ಮೇಲೊಂದು ಕೆಳಗೊಂದು ಎರಡು ಚಿಲಕಗಳಿರಲಿ. ಒಂದೇ ಚಿಲಕವಿದ್ದರೆ ಬಾಗಿಲಿನ ಕೆಳಮೂಲೆಯನ್ನು ನಾಯಿ ಎಳೆದು ಸಂದು ಮಾಡುವುದು. ಸಂಜೆಯಾಗುತ್ತಲೇ ಕೋಳಿಗಳು ತಾವಾಗಿಯೇ ಗೂಡಿಗೆ ಬರುವುವು. ಆದರೆ ಬಾಗಿಲನ್ನು ಅವು ಹಾಕಿಕೊಳ್ಳಲಾರವು. ದೀಪ ಹಚ್ಚುವ ಹೊತ್ತಿಗೆ ಬಾಗಿಲನ್ನು ಹಾಕುವವರು ಯಾರು, ಅವರು ಊರಿನಲ್ಲಿಲ್ಲದ ದಿನ ಯಾರು ಎಂಬುದನ್ನು ಮನೆಯಲ್ಲಿ ಮೊದಲೇ ನಿಶ್ಚಯಿಸಿಕೊಂಡಿರತಕ್ಕದ್ದು. ಜಾತ್ರೆ, ಮದುವೆಗಳಿಗೆ ಮನೆಯವರೆಲ್ಲರೂ ಹೋದ ಒಂದೇ ರಾತ್ರಿಯು ವರ್ಷದ ಜಾಗರೂಕತೆಯನ್ನೆಲ್ಲ ವ್ಯರ್ಥಮಾಡಬಲ್ಲದು.

೭. ಅಡ್ಡಗೋಲುಗಳು ಮತ್ತು ಉಣ್ಣೆ

ಕೋಳಿಯು ರಾತ್ರಿ ಎತ್ತರದಲ್ಲಿ ಕೂತು ನಿದ್ರಿಸುವ ಪಕ್ಷಿ. ೨ ಅಂಗುಲ ದಪ್ಪದ, ಅಂಚುಗಳನ್ನು ಹೆರೆದು ನುಣುಪು ಮಾಡಿದ ಮರದ ಕೋಲುಗಳನ್ನು ಗೂಡಿನ ಒಂದು ಕೊನೆಯಲ್ಲಿ ಅಡ್ಡಲಾಗಿ ಇಡಬೇಕು. ನಾಟಿ ಕೋಳಿಗೆ ತಲಾ ೮ ಅಂಗುಲ, ಗಿರಿರಾಜದಂಥ ಭಾರದ ಕೋಳಿಗೆ ತಲಾ ೧೦ ಅಂಗುಲ ಸ್ಥಳ ಬೇಕು. ೪ ಅಡಿಯ ಎರಡು ಕೋಲುಗಳು ಹನ್ನೆರಡು ನಾಟಿ ಕೋಳಿಗಳಿಗೆ ಅಥವಾ ಎಂಟು ಭಾರದ ಕೋಳಿಗಳಿಗೆ ಸಾಲುವುವು. ಅದಕ್ಕೂ ಹೆಚ್ಚಿದ್ದರೆ ಮೂರನೆಯದನ್ನು ಹಾಕಬೇಕು. ಕೋಲುಗಳ ನಡುವೆ ಒಂದೂಕಾಲು ಅಡಿ ಅಂತರವಿರಲಿ. ಎಲ್ಲ ಕೋಲುಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲಿದ್ದರೆ ಅದಕ್ಕಾಗಿ ಪ್ರತಿ ಸಂಜೆಯೂ ಜಗಳವಾಗುವುದು. ಭಾರದ ಕೋಳಿಗಳಿಗೆ ಕೋಲಿನ ಎತ್ತರ ಒಂದೂವರೆ ಅಡಿ ಸಾಕು. ಎತ್ತರದಿಂದ ಧುಮುಕಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುವುದು.

ಉಣ್ಣೆಯು ಕಣ್ಣಿಗೆ ಕಾಣದೆ ಕೊಲ್ಲುವ ಶತ್ರು. ಹಗಲಿನಲ್ಲಿ ಅದು ಮರದ ಬಿರುಕು, ಮಣ್ಣುಗೋಡೆಯ ಸಂದು, ಚಾವಣಿಯ ಬಿದಿರಿನ ಗೆಣ್ಣುಗಳಲ್ಲಿ ಅಡಗಿದ್ದು, ರಾತ್ರಿಯಲ್ಲಿ ಹೊರಬಂದು ಕೂತ ಕೋಳಿಯ ರಕ್ತವನ್ನು ಹೀರಿ ಬೆಳಗಾಗುವುದರೊಳಗೆ ಮರಳುವುದು. ಹಗಲಿನಲ್ಲಿ ಕೋಳಿಯ ಮೈಯನ್ನು ಹುಡುಕಿದವರಿಗೆ ಅದು ಸಿಕ್ಕುವುದಿಲ್ಲ. ರಕ್ತಹೀನತೆಯಲ್ಲದೆ ಸ್ಪೈರೊಕೀಟ್ ಎಂಬ ಕ್ರಿಮಿಯ ಜ್ವರವನ್ನೂ ಅದು ಹರಡುವುದು. ಆಹಾರವಿಲ್ಲದೆ ವರ್ಷಕ್ಕೂ ಮೀರಿ ಬದುಕಬಲ್ಲ ಜೀವಿಯಾದುದರಿಂದ, ಹಳೆಯ ಗೂಡನ್ನು ಕೆಲವು ತಿಂಗಳು ಖಾಲಿಬಿಟ್ಟ ಮಾತ್ರದಿಂದ ಅದು ನಾಶವಾಗುವುದಿಲ್ಲ. ಹಳೆಯ ಗೂಡನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ಚೆನ್ನಾಗಿ ತಿಳಿದಿರಬೇಕು.

ಇದಕ್ಕೆ ಪರಿಹಾರವು ಗೂಡನ್ನು ಕಟ್ಟುವಾಗಲೇ ಆಗಬೇಕು. ಅಡ್ಡಗೋಲುಗಳನ್ನು ಗೋಡೆಗೆ ಹೂಳದೆ, ಕಾಲುಗಳುಳ್ಳ ಚೌಕಟ್ಟಿನ ಮೇಲಿಟ್ಟು, ಅದರ ಕಾಲುಗಳನ್ನು ಸ್ವಲ್ಪ ಸೀಮೆಎಣ್ಣೆ ಅಥವಾ ಹಳೆಯ ಯಂತ್ರದ ಎಣ್ಣೆ ಹಾಕಿದ ಡಬ್ಬಿಗಳಲ್ಲಿ ನಿಲ್ಲಿಸಬೇಕು. ಚೌಕಟ್ಟು ಗೋಡೆಯನ್ನು ಎಲ್ಲಿಯೂ ಮುಟ್ಟಕೂಡದು. ಗೋಡೆಯ ಸಂದುಗಳನ್ನು ಗಾರೆಯಿಂದ ಮುಚ್ಚಿ, ಮೂರು ತಿಂಗಳಿಗೊಮ್ಮೆ ಸುಣ್ಣ ಹೊಡೆದು, ಕೋಲುಗಳನ್ನು ತಿಂಗಳಿಗೊಮ್ಮೆ ಹೊರಗೆ ತಂದು ಕುದಿಯುವ ನೀರನ್ನು ಹೊಯ್ಯಬೇಕು. ಕೀಟನಾಶಕ ಔಷಧಗಳನ್ನು ಪಶುವೈದ್ಯರ ಸಲಹೆಯಿಲ್ಲದೆ ಉಪಯೋಗಿಸಕೂಡದು. ಮೊಟ್ಟೆಯನ್ನು ತಿನ್ನುವವರು ನಾವೇ ಅಲ್ಲವೇ?

೮. ಮೊಟ್ಟೆಯಿಡುವ ಪೆಟ್ಟಿಗೆಗಳು

ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಹತ್ತು ಹೇಂಟೆಗಳಿಗೆ ಎರಡು ಅಥವಾ ಮೂರು ಪೆಟ್ಟಿಗೆಗಳು ಸಾಕು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರವಿದ್ದು, ಮುಂಭಾಗದಲ್ಲಿ ೪ ಅಂಗುಲದ ತಡೆಹಲಗೆಯಿರಲಿ. ಹಳೆಯ ಹಣ್ಣಿನ ಪೆಟ್ಟಿಗೆ, ಬಿದಿರ ಬುಟ್ಟಿ, ಅಗಲ ಬಾಯಿಯ ಮಡಕೆ ಯಾವುದಾದರೂ ಆಗಬಹುದು. ಒಳಗೆ ಒಣಹುಲ್ಲನ್ನು ಹಾಕಬೇಕು. ಇವು ಮಂದವಾದ ಬೆಳಕಿನ ಮೂಲೆಯಲ್ಲಿ, ಅಡ್ಡಗೋಲುಗಳಿಗಿಂತ ಕೆಳಗೆ ಇರತಕ್ಕದ್ದು. ಪೆಟ್ಟಿಗೆ ಮೇಲಿದ್ದರೆ ಕೋಳಿಗಳು ಅದರಲ್ಲಿಯೇ ಮಲಗಿ ಹೊಲಸುಮಾಡುವುವು. ಮೊಟ್ಟೆಗೆ ಬರುವುದಕ್ಕೆ ಎರಡು ಮೂರು ವಾರ ಮುಂಚೆಯೇ ಇವನ್ನು ಇಟ್ಟರೆ ಹೇಂಟೆಗಳು ಬೇಲಿಯ ಪೊದೆಯನ್ನು ಹುಡುಕಿಕೊಂಡು ಹೋಗುವುದು ತಪ್ಪುವುದು.

೯. ಆಹಾರದ ಮತ್ತು ನೀರಿನ ಪಾತ್ರೆಗಳು

ಆಹಾರವನ್ನು ನೆಲಕ್ಕೆ ಚೆಲ್ಲಿದರೆ ಒಂದು ಪಾಲು ಮಣ್ಣಿಗೂ ಒಂದು ಪಾಲು ಗುಬ್ಬಚ್ಚಿಗಳಿಗೂ ಹೋಗುವುದು. ಪ್ರತಿ ಕೋಳಿಗೂ ೪ ಅಂಗುಲ ಅಂಚು ಸಿಕ್ಕಬೇಕು. ಎರಡು ಕಡೆಯಿಂದಲೂ ತಿನ್ನಬಹುದಾದ ೨ ಅಡಿ ಉದ್ದದ ದೋಣಿಯು ೪೮ ಅಂಗುಲ ಅಂಚನ್ನು ಕೊಡುವುದರಿಂದ ಹನ್ನೊಂದು ಕೋಳಿಗಳಿಗೆ ಸಾಲುವುದು. ದಪ್ಪ ಬಿದಿರನ್ನು ಸೀಳಿಯೂ ಇದನ್ನು ಮಾಡಿಕೊಳ್ಳಬಹುದು. ಅಂಚು ಕೋಳಿಯ ಬೆನ್ನಿನ ಮಟ್ಟದಲ್ಲಿರಬೇಕು. ಅರ್ಧಕ್ಕಿಂತ ಹೆಚ್ಚಾಗಿ ತುಂಬಕೂಡದು. ಮೇಲೆ ಉದ್ದಕ್ಕೂ ಸುಲಭವಾಗಿ ತಿರುಗುವ ಕೋಲನ್ನು ಸಿಕ್ಕಿಸಿದರೆ ಕೋಳಿಗಳು ಅದರ ಮೇಲೆ ಹತ್ತಿ ಹಿಕ್ಕೆ ಹಾಕಲಾರವು.

ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ೧೦೦ರಿಂದ ೧೨೦ ಗ್ರಾಂ ಆಹಾರವೂ, ಸುಮಾರು ಕಾಲು ಲೀಟರ್ ನೀರೂ ಬೇಕು. ಬೇಸಗೆಯಲ್ಲಿ ನೀರು ಇಮ್ಮಡಿಯಾಗಬಹುದು. ಹನ್ನೊಂದು ಕೋಳಿಗಳಿಗೆ ೩ ಲೀಟರಿನ ಎರಡು ಪಾತ್ರೆಗಳನ್ನು ಬೇರೆ ಬೇರೆ ಕಡೆ ನೆರಳಿನಲ್ಲಿ ಇಡಬೇಕು. ಒಂದೇ ಪಾತ್ರೆಯಿದ್ದು ಅದು ಮಗುಚಿಕೊಂಡರೆ ಮಧ್ಯಾಹ್ನವೆಲ್ಲ ನೀರಿಲ್ಲದಂತಾಗುವುದು.

ಕುಂಬಾರನ ಮಡಕೆಯಿಂದ ಒಳ್ಳೆಯ ನೀರಿನ ಪಾತ್ರೆಯನ್ನು ಮಾಡಬಹುದು. ಮಡಕೆಯ ಬಾಯಂಚಿನಿಂದ ಅರ್ಧ ಅಂಗುಲ ಕೆಳಗೆ ಒಂದು ಸಣ್ಣ ರಂಧ್ರವನ್ನು ಕೊರೆದು, ನೀರು ತುಂಬಿ, ಒಂದೂವರೆ ಅಂಗುಲ ಆಳದ ಮಣ್ಣಿನ ತಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ತಲೆಕೆಳಗು ಮಾಡಬೇಕು. ತಟ್ಟೆಯು ಮಡಕೆಯ ಬಾಯಿಗಿಂತ ಸುತ್ತಲೂ ೨ ಅಂಗುಲ ಅಗಲವಾಗಿರಬೇಕು. ರಂಧ್ರ ಮುಚ್ಚುವ ಮಟ್ಟಕ್ಕೆ ನೀರು ಬಂದೊಡನೆ ಹರಿವು ತಾನಾಗಿ ನಿಲ್ಲುವುದು. ಕೋಳಿ ಕುಡಿದಂತೆಲ್ಲ ಮತ್ತೆ ತುಂಬುವುದು. ಕೋಳಿಯು ಇದರಲ್ಲಿ ಕಾಲಿಡಲಾರದು.

ಕಾಗೆ, ಕೊಕ್ಕರೆ, ಬಾತುಗಳು ಈ ಪಾತ್ರೆಗಳಿಗೆ ಬಾರದಂತೆ ನೋಡಿಕೊಳ್ಳುವುದು ಅತ್ಯಗತ್ಯ. ೨೦೧೨ರ ಅಕ್ಟೋಬರ್ ತಿಂಗಳಿನಲ್ಲಿ ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡುದನ್ನು ಬಹು ಜನರು ಬಲ್ಲರು. ಈ ರೋಗವು ಕಾಡುಹಕ್ಕಿಗಳ ಮೂಲಕವೂ ಬರಬಹುದಾದುದರಿಂದ ಆಹಾರವನ್ನೂ ನೀರನ್ನೂ ಚಾವಣಿಯ ಕೆಳಗೇ ಇಡತಕ್ಕದ್ದು. ಕೋಳಿಗಳು ಒಮ್ಮೆಗೇ ಹಲವು ಸತ್ತರೆ ಅವನ್ನು ಮುಟ್ಟದೆ, ಮಾರದೆ, ಕೂಡಲೇ ಪಶುವೈದ್ಯಶಾಲೆಗೆ ತಿಳಿಸಬೇಕು.

ಆಹಾರವನ್ನು ಕೂಡಿಡುವುದಕ್ಕೆ ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬ ಬೇಕು. ಗೋಣಿಚೀಲದಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು. ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿಗಳ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವುಂಟಾಗಿ ಕೋಳಿಯ ಪಿತ್ತಕೋಶವಿರುವ ಯಕೃತ್ತನ್ನೇ ಕೆಡಿಸುವುದು. ಬೂಷ್ಟು ಹಿಡಿದುದನ್ನು ಬಿಸಿಲಿಗೆ ಹಾಕಿ ಕೊಟ್ಟರೂ ವಿಷವು ಹೋಗಿರುವುದೆಂದು ನಂಬಕೂಡದು.

೧೦. ಮರಿಗಳಿಂದ ಪ್ರಾರಂಭಿಸುವವರಿಗೆ

ಹೊಸಬರು ಕಾವಿನ ಕಾಲವನ್ನು ದಾಟಿದ, ಚುಚ್ಚುಮದ್ದು ಹಾಕಿಸಿದ ಎಂಟು ಹತ್ತು ವಾರದ ಹೇಂಟೆಗಳನ್ನೇ ಕೊಳ್ಳುವುದು ಉತ್ತಮ. ಒಂದು ದಿನದ ಮರಿಗಳನ್ನೇ ತರುವುದಾದರೆ ಕಾವಿನ ಏರ್ಪಾಡು ಮೊದಲೇ ಸಿದ್ಧವಾಗಿರಬೇಕು. ಮೊದಲನೆಯ ವಾರ ೯೫ ಡಿಗ್ರಿ ಫ್ಯಾರನ್‌ಹೀಟ್ ಶಾಖವಿದ್ದು, ಆಮೇಲೆ ವಾರಕ್ಕೆ ೫ ಡಿಗ್ರಿಯಂತೆ ಇಳಿಸುತ್ತ ಬರಬೇಕು. ೨೫ ಮರಿಗಳಿಗೆ ೩ ಅಡಿ ಅಡ್ಡಳತೆಯ, ಒಂದೂವರೆ ಅಡಿ ಎತ್ತರದ ಬಿದಿರ ತಟ್ಟಿಯ ಆವರಣವೂ, ಅದರ ಮೇಲೆ ತೂಗುಹಾಕಿದ ೬೦ ವಾಟಿನ ತಂತಿಯುಳ್ಳ ದೀಪವೂ ಸಾಕು. ಈಗ ಮನೆಗಳಲ್ಲಿರುವ ಎಲ್‌ಇಡಿ ದೀಪಗಳು ಬೆಳಕನ್ನು ಕೊಡುವುವೇ ಹೊರತು ಮರಿಗಳಿಗೆ ಬೇಕಾದ ಶಾಖವನ್ನು ಕೊಡಲಾರವು. ಬೆಳಕನ್ನು ಕಂಡು ಶಾಖವಿದೆಯೆಂದು ಭ್ರಮಿಸಿದರೆ ಬೆಳಗಾಗುವುದರೊಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುವುವು.

ಉಷ್ಣಮಾಪಕವಿಲ್ಲದವರು ಮರಿಗಳನ್ನೇ ನೋಡಿ ತಿಳಿಯಬಹುದು. ದೀಪದ ಕೆಳಗೆ ಗುಂಪಾಗಿ ಚೀರುತ್ತಿದ್ದರೆ ಶಾಖ ಸಾಲದು. ಅಂಚಿಗೆ ಸರಿದು ಬಾಯಿ ತೆರೆದಿದ್ದರೆ ಹೆಚ್ಚಾಗಿದೆ. ಎಲ್ಲೆಡೆಯೂ ಹರಡಿಕೊಂಡಿದ್ದರೆ ಸರಿಯಾಗಿದೆ. ವಿದ್ಯುತ್ತು ನಂಬಿಕೆಯಿಲ್ಲದ ಊರುಗಳಲ್ಲಿ ಕಾವಿಗೆ ಕೂತ ನಾಟಿ ಹೇಂಟೆಗಿಂತ ಒಳ್ಳೆಯ ಸಲಕರಣೆಯಿಲ್ಲ, ಅದು ಹತ್ತು
ಹನ್ನೆರಡು ಮರಿಗಳನ್ನು ಸಲಹುವುದು. ಕೆಂಡದ ಮಡಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟರೆ ಅದರ ವಿಷಾನಿಲವು ಮರಿಗಳಿಗೂ ಮನುಷ್ಯರಿಗೂ ಪ್ರಾಣಾಪಾಯಕರವೆಂಬುದನ್ನು ಮರೆಯಕೂಡದು.

ಕುಮಾವೂನಿನ ರಾಣಿಖೇತ್ ಊರಿನ ಹೆಸರನ್ನು ಪಡೆದಿರುವ ಕೊಕ್ಕರೆ ರೋಗಕ್ಕೆ ಚಿಕಿತ್ಸೆಯಿಲ್ಲ. ಚುಚ್ಚುಮದ್ದು ಒಂದೇ ರಕ್ಷೆ. ಮದ್ದನ್ನು ಪಶುವೈದ್ಯಶಾಲೆಯಿಂದ ಮಂಜುಗಡ್ಡೆ ಹಾಕಿದ ಥರ್ಮಾಸ್ ಸೀಸೆಯಲ್ಲಿ ತರಬೇಕು. ಬಿಸಿಲಿನಲ್ಲಿ ಜೇಬಿನೊಳಗೆ ತಂದ ಮದ್ದು ಕೆಲಸಕ್ಕೆ ಬಾರದು. ಆದ್ದರಿಂದ ಥರ್ಮಾಸ್ ಸೀಸೆಯೂ ಕೋಳಿ ಸಾಕುವವರ ಸಲಕರಣೆಗಳಲ್ಲಿ ಒಂದು.

೧೧. ಸಾಮಾನುಗಳ ಪಟ್ಟಿ

ಹತ್ತು ಹೇಂಟೆ, ಒಂದು ಹುಂಜಕ್ಕೆ ಬೇಕಾದುವು, ಅಗತ್ಯದ ಕ್ರಮದಲ್ಲಿ:

(೧) ಒಣ ನೆಲ ಮತ್ತು ಸೋರದ ಚಾವಣಿಯುಳ್ಳ ೬ × ೪ ಅಡಿಯ ಗೂಡು.
(೨) ಕಂಡಿಗಳಿಗೆ ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಬಲೆ; ಬಾಗಿಲಿಗೆ ಎರಡು ಚಿಲಕ.
(೩) ೪ ಅಡಿಯ ಎರಡು ಅಥವಾ ಮೂರು ಅಡ್ಡಗೋಲು, ಚೌಕಟ್ಟು ಮತ್ತು ಎಣ್ಣೆಯ ಡಬ್ಬಿಗಳು.
(೪) ೩ ಲೀಟರಿನ ಎರಡು ನೀರಿನ ಪಾತ್ರೆ.
(೫) ೨ ಅಡಿ ಉದ್ದದ ಒಂದು ಆಹಾರದ ದೋಣಿ. ಕಪ್ಪೆಚಿಪ್ಪಿನ ಪುಡಿಗೆ ಒಂದು ಸಣ್ಣ ಬಟ್ಟಲು.
(೬) ಮುಚ್ಚಳವುಳ್ಳ ಆಹಾರದ ಡಬ್ಬ.
(೭) ಎರಡು ಅಥವಾ ಮೂರು ಮೊಟ್ಟೆಯ ಪೆಟ್ಟಿಗೆ.
(೮) ಹೊಸದಾಗಿ ಬಂದ ಅಥವಾ ಜಡ್ಡಾದ ಕೋಳಿಯನ್ನು ಎರಡು ಮೂರು ವಾರ ದೂರದಲ್ಲಿಡುವುದಕ್ಕೆ ಒಂದು ಬಿದಿರ ಪಂಜರ.
(೯) ಮಣ್ಣಾಟಕ್ಕೆ ಬೂದಿ ಮರಳು ತುಂಬಿದ ಒಂದು ಪೆಟ್ಟಿಗೆ, ಥರ್ಮಾಸ್ ಸೀಸೆ, ಪೊರಕೆ.

ಮೊಟ್ಟೆ ಮರಿಮಾಡುವ ಯಂತ್ರ, ತಾನಾಗಿ ತೆರೆದುಕೊಳ್ಳುವ ಬಾಗಿಲು, ಬಣ್ಣದ ದೀಪಗಳು ಮೊದಲಾದುವು ಮೊದಲನೆಯ ವರ್ಷ ಬೇಕಾಗಿಲ್ಲ. ಪಟ್ಟಿಯಲ್ಲಿ ಮೊದಲನೆಯ ಎರಡನ್ನು ಬಿಟ್ಟರೆ ಉಳಿದುವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲಿರುವ ವಸ್ತುಗಳಿಂದಲೇ ಮಾಡಿಕೊಳ್ಳಬಹುದು.

೧೨. ಕೋಳಿಗಳನ್ನು ತರುವುದಕ್ಕೆ ಮುಂಚೆ ಗೂಡಿನ ಪರೀಕ್ಷೆ

ಗೂಡು ಸಿದ್ಧವಾದ ಮೇಲೆ ಈ ನಾಲ್ಕು ಪರೀಕ್ಷೆಗಳನ್ನು ಮಾಡಬೇಕು.

ನೀರಿನ ಪರೀಕ್ಷೆ: ಚಾವಣಿಯ ಮೇಲೆ ಐದಾರು ಕೊಡ ನೀರನ್ನು ಸುರಿದು, ಒಳಗೆ ಹನಿಯುವುದೇ, ನೀರು ಗೂಡಿನ ಬುಡಕ್ಕೆ ಹರಿದುಬರುವುದೇ ಎಂದು ನೋಡಬೇಕು.

ಬಿಸಿಲಿನ ಪರೀಕ್ಷೆ: ನಡುಮಧ್ಯಾಹ್ನ ಗೂಡಿನೊಳಗೆ ಕಾಲು ಗಂಟೆ ಕೂತಿರಬೇಕು. ನಮಗೆ ತಡೆಯಲಾರದ್ದು ಕೋಳಿಗೂ ತಡೆಯಲಾರದು.

ದೀಪದ ಪರೀಕ್ಷೆ: ಕತ್ತಲಾದ ಮೇಲೆ ಒಳಗೆ ಪ್ರಖರವಾದ ದೀಪವನ್ನಿಟ್ಟು ಬಾಗಿಲು ಹಾಕಿ, ಹೊರಗೆ ಸುತ್ತಲೂ ಬಗ್ಗಿ ನೋಡುತ್ತ ಬರಬೇಕು. ಬಲೆಯಿಲ್ಲದ ಯಾವ ಸಂದಿನಿಂದ ಬೆಳಕು ಹೊರಬರುವುದೋ ಅಲ್ಲಿಂದಲೇ ಇಲಿಯೂ ಹಾವೂ ಒಳಬರುವುವು. ಕಿರುಬೆರಳು ಹಿಡಿಸುವ ಸಂದನ್ನೂ ಬಿಡದೆ ಮುಚ್ಚಬೇಕು.

ಬಾಗಿಲಿನ ಪರೀಕ್ಷೆ: ಚಿಲಕ ಹಾಕಿದ ಬಾಗಿಲಿನ ನಾಲ್ಕು ಮೂಲೆಗಳನ್ನೂ ಬಲವಾಗಿ ಎಳೆದು ನೋಡಬೇಕು.

ಕೋಳಿಗಳು ಬಂದ ಮೇಲೆ ಐದನೆಯ ಪರೀಕ್ಷೆಯೊಂದುಂಟು. ಬೆಳಗಿನ ಜಾವ ಬಾಗಿಲನ್ನು ತೆರೆದೊಡನೆ ಕುಕ್ಕರುಗಾಲಿನಲ್ಲಿ ಕೂತು, ಕೋಳಿಯ ತಲೆಯ ಮಟ್ಟದಲ್ಲಿ ಉಸಿರಾಡಿ ನೋಡಬೇಕು. ನಿಂತವರ ಮೂಗಿಗೆ ತಿಳಿಯದ ಘಾಟು ಕೂತವರಿಗೆ ತಿಳಿಯುವುದು. ಕಣ್ಣು ಉರಿದರೆ ಹಾಸನ್ನು ಬದಲಾಯಿಸಿ, ಗಾಳಿಯ ಕಂಡಿಯನ್ನು ಹೆಚ್ಚಿಸತಕ್ಕದ್ದು. ಇದಕ್ಕೆ ದಿನಕ್ಕೆ ಒಂದು ನಿಮಿಷ ಸಾಕು.

ಈ ಪರೀಕ್ಷೆಗಳಲ್ಲಿ ಗೆದ್ದ ಗೂಡಿಗೆ ಮೊದಲು ಐದಾರು ಕೋಳಿಗಳನ್ನು ತಂದು, ಒಂದು ಮಳೆಗಾಲವನ್ನು ಕಳೆದ ಮೇಲೆ ಹತ್ತಕ್ಕೆ ಏರಿಸಿದರೂ ತಡವೇನಾಗುವುದಿಲ್ಲ. ಜಾತಿಯ ಆಯ್ಕೆ, ಚುಚ್ಚುಮದ್ದಿನ ದಿನಗಳು ಮೊದಲಾದ ವಿವರಗಳನ್ನು ಸಮೀಪದ ಪಶುವೈದ್ಯಶಾಲೆಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದು. ಗೂಡಿನ ಅಳತೆಯನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋದರೆ ಎಷ್ಟು ಕೋಳಿಗಳನ್ನು ಇಡಬಹುದೆಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆಯುವುದು.